1098ಕ್ಕೆ ಕರೆ ಮಾಡೋದೋ, ಸಖಿ ಕೇಂದ್ರಕ್ಕೆ ಹೋಗೋದೋ?

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರಬಹುದೆಂದು ರಾತ್ರಿ ಹತ್ತಕ್ಕೆ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098. ಉಚಿತ, 24 ಗಂಟೆಯೂ ಇದೆ, ಗಂಡು ಹೆಣ್ಣೆಂಬ ಭೇದವಿಲ್ಲ. ದೌರ್ಜನ್ಯಕ್ಕೊಳಗಾದವರಿಗೆ ನೆರವಾಗುವ ಸರ್ಕಾರಿ ಸಖಿ ಕೇಂದ್ರ ಹೆಣ್ಣುಮಕ್ಕಳಿಗೆ ಮಾತ್ರ. ಆದರೆ ಆಪ್ತಸಮಾಲೋಚನೆ, ಚಿಕಿತ್ಸೆ, ಕಾನೂನು ನೆರವು, ಕೆಲದಿನದ ಆಸರೆ ಎಲ್ಲದಕ್ಕೂ ಅದೊಂದೇ ಬಾಗಿಲು. ಮನೆಯೊಳಗಿನವರ ಮೇಲೇ ಸಂಶಯವಿದ್ದರೆ ನಾನು ಹುಡುಗಿಯನ್ನು ಅಲ್ಲಿಗೇ ಕರೆದೊಯ್ಯುವೆ.

ಕಾಸರಗೋಡಿನಲ್ಲಿ ನಮಗೆ ದೊಡ್ಡ ತೊಡಕು ಭಾಷೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಮಗು ಮಲಯಾಳ ಪ್ರಶ್ನೆಗೆ ಫ್ರಾಕಿನ ಅಂಚು ತಿರುಚುತ್ತಾ "ಹೊಟ್ಟೆನೋವು" ಅಂದು ಸುಮ್ಮನಾಗುತ್ತದೆ. ಅದನ್ನು ಅಮ್ಮನೇ ಅನುವಾದಿಸುವಂತಾಗಬಾರದು. ಎರಡೂ ಕಡೆ ಕನ್ನಡ ಬಲ್ಲವರು ಬೇಕೆಂದು ಮೊದಲೇ ಕೇಳಿ. ಪೊಲೀಸ್ ಹೇಳಿಕೆಗೂ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಲ್ಲಿ ಭಾಷಾಂತರಕಾರರಿಗೆ ಅವಕಾಶವಿದೆ.

ಗುಟ್ಟಾಗಿ ಮುಗಿಸುವ ದಾರಿ ಎರಡರಲ್ಲೂ ಇಲ್ಲ. ಲೈಂಗಿಕ ದೌರ್ಜನ್ಯವೆಂದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ.