ನೌಕಾಯುದ್ಧದ ಆಟದಲ್ಲಿ ಎದುರಾಳಿಯ ಬುದ್ಧಿ: ಬಿಹೇವಿಯರ್ ಟ್ರೀ, ಸ್ಕೋರಿಂಗ್, ಮಾಂಟೆ ಕಾರ್ಲೊ

ಒಬ್ಬಿಬ್ಬರು ಸೇರಿ ಕಟ್ಟುವ ನೌಕಾಯುದ್ಧದ ಆಟದಲ್ಲಿ ಕಂಪ್ಯೂಟರ್ ಎದುರಾಳಿಯ ಬುದ್ಧಿಗೆ ಯುಟಿಲಿಟಿ ಸ್ಕೋರಿಂಗೇ ಸರಿ. ಪ್ರತಿ ಗುರಿಗೂ 0ಯಿಂದ 1ರೊಳಗೆ ಅಂಕ ಹಾಕಿ, ಹೆಚ್ಚು ಬಂದದ್ದನ್ನು ಆರಿಸುವ ಪದ್ಧತಿ ಅದು. ಎರಡೂ ಕಡೆ 12 ಹಡಗುಗಳಿರುವ, ಸರದಿಯಿಲ್ಲದೆ ಓಡುವ ಒಂದೇ ಕಾಳಗದಲ್ಲಿ ಬಿಹೇವಿಯರ್ ಟ್ರೀ, ಸ್ಕೋರಿಂಗ್, ಮಾಂಟೆ ಕಾರ್ಲೊ ಮೂರನ್ನೂ ಹಾಕಿ ನೋಡಿದ ಮೇಲಿನ ಮಾತು ಇದು. ಎದುರಾಳಿಗೆ ಹೆಚ್ಚು ಹಣ, ಹೆಚ್ಚು ಕವಚ ಕೊಟ್ಟು ‘ಕಠಿಣ ಮಟ್ಟ’ ಎನ್ನುವ ದಾರಿಯನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ. ಅದರಿಂದ ಹಡಗು ಗಟ್ಟಿಯಾದೀತು, ನಾಯಕ ಜಾಣನಾಗುವುದಿಲ್ಲ.

ಬಿಹೇವಿಯರ್ ಟ್ರೀ ಎಂದರೆ ‘ಹೀಗಾದರೆ ಹೀಗೆ ಮಾಡು’ ಎಂಬ ಷರತ್ತುಗಳನ್ನು ಮರದ ಕವಲಿನಂತೆ ಜೋಡಿಸುವ ಪದ್ಧತಿ. ಅದು 2004ರ ‘ಹೇಲೊ 2’ ಆಟದಿಂದ ಹೆಸರಾಯಿತು. ಕಾವಲು, ಬೆಂಗಾವಲು, ಬಂದರಿಗೆ ಮರಳುವುದು ಇಂಥ ಕೆಲಸಗಳಿಗೆ ಇಂದಿಗೂ ಚೆನ್ನ. ಆದರೆ ತೆರೆದ ಸಮುದ್ರದಲ್ಲಿ ಅವಿತುಕೊಳ್ಳಲು ಗೋಡೆಯಿಲ್ಲ. ಅಲ್ಲಿ ಪ್ರತಿ ನಿರ್ಧಾರವೂ ‘ಎಷ್ಟು’ ಎಂಬುದರ ಮೇಲೆ ನಿಂತಿದೆ. ‘12 ಕಿ.ಮೀ. ಒಳಗೆ ಬಂದರೆ ಟಾರ್ಪೆಡೊ ಬಿಡು’ ಎಂದು ಬರೆದರೆ, ಆಟಗಾರ ಮೂರನೇ ಕಾಳಗದ ಹೊತ್ತಿಗೆ 12.1 ಕಿ.ಮೀ.ನಲ್ಲಿ ನಿಂತು ಗುಂಡು ಹಾರಿಸುವುದನ್ನು ಕಲಿತಿರುತ್ತಾನೆ.

ಸ್ಕೋರಿಂಗ್‌ನ ಕಾಟ ಒಂದೇ, ಹೊಯ್ದಾಟ. ಎಡಗಡೆಯ ಕ್ರೂಸರ್‌ಗೆ 0.61, ಬಲಗಡೆಯದಕ್ಕೆ 0.60. ನೌಕೆ ಎಡಕ್ಕೆ ಹೊರಳುತ್ತದೆ. ಹೊರಳುವಷ್ಟರಲ್ಲಿ ಅಂಕ ಅದಲುಬದಲಾಗಿ ಮತ್ತೆ ಬಲಕ್ಕೆ. ಸೈನಿಕರ ಆಟದಲ್ಲಾದರೆ ಇದು ಅರ್ಧ ಸೆಕೆಂಡಿನ ತಡವರಿಕೆ. ಹಡಗು ಹಾಗಲ್ಲ. ತಿರುಗುವ ವೃತ್ತದ ವ್ಯಾಸ 800 ಮೀಟರ್ ಎಂದಿಟ್ಟರೆ 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ವೇಗದಲ್ಲಿ ಅರ್ಧ ಸುತ್ತಿಗೇ ಸುಮಾರು 98 ಸೆಕೆಂಡ್ ಬೇಕು. ತಿರುವಿನಲ್ಲಿ ವೇಗ ಇಳಿಯುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. ಎರಡು ಸಲ ಮನಸ್ಸು ಬದಲಿಸಿದ ಯುದ್ಧನೌಕೆ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಸುಮ್ಮನೆ ಏಟು ತಿನ್ನುತ್ತದೆ.

ಎಲ್ಲರಿಗೂ ಮೊದಲು ಹೊಳೆಯುವ ಮದ್ದು, ಸೆಕೆಂಡಿಗೊಮ್ಮೆ ಹಾಕುತ್ತಿದ್ದ ಅಂಕವನ್ನು 10 ಸೆಕೆಂಡಿಗೊಮ್ಮೆ ಹಾಕುವುದು. ಹೊಯ್ದಾಟ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಜೊತೆಗೆ 48 ನಾಟ್‌ನ ಟಾರ್ಪೆಡೊ ಆ 10 ಸೆಕೆಂಡಿನಲ್ಲಿ 247 ಮೀಟರ್ ಹತ್ತಿರ ಬಂದಿರುತ್ತದೆ.

ಬೇರು ಇರುವುದು ‘ಈ ಗುರಿಯತ್ತ ಈಗ ಎಷ್ಟು ಫಿರಂಗಿ ತಿರುಗಬಲ್ಲವು’ ಎಂಬ ಅಂಶದಲ್ಲಿ. ಗುರಿಯ ಕಡೆಗೆ ಮೂತಿ ಮಾಡಿದೊಡನೆ ಹಿಂದಿನ ಫಿರಂಗಿ ಗೋಪುರಗಳಿಗೆ ಹಡಗಿನ ಮೈಯೇ ಅಡ್ಡ. ಆರಿಸಿದ ಗುರಿಯ ಅಂಕ ಇಳಿಯುತ್ತದೆ, ಪಕ್ಕಕ್ಕೆ ಉಳಿದದ್ದರ ಅಂಕ ಏರುತ್ತದೆ. ಹೀಗೆ ತಿರುಗುವ ಕ್ರಿಯೆಯೇ ತೀರ್ಮಾನವನ್ನು ಕೆಡಿಸುತ್ತದೆ. ಆದ್ದರಿಂದ ಈ ಅಂಶವನ್ನು ಈಗಿನ ದಿಕ್ಕಿನಿಂದ ಲೆಕ್ಕ ಹಾಕದೆ, 90 ಸೆಕೆಂಡಿನಲ್ಲಿ ಹಡಗು ತಲುಪಬಲ್ಲ ಅತ್ಯುತ್ತಮ ದಿಕ್ಕಿನಿಂದ ಹಾಕಬೇಕು. ಆಮೇಲೆ ಹೊಸ ಗುರಿ ಹಳೆಯದನ್ನು ಶೇ. 15ರಷ್ಟಾದರೂ ಮೀರಿದರೆ ಮಾತ್ರ ಬದಲಾವಣೆ. ಈ ಅಂತರವನ್ನು ಶೇ. 30ಕ್ಕೆ ಏರಿಸಿದರೆ ಉಲ್ಟಾ ತೊಂದರೆ: ಮೈಮೇಲೆ ಬರುತ್ತಿರುವ ಡೆಸ್ಟ್ರಾಯರ್ ಅನ್ನು ಬಿಟ್ಟು, ಮುಳುಗುತ್ತಿರುವ ಹಡಗಿಗೇ ಅಂಟಿಕೊಳ್ಳುತ್ತದೆ. ಟಾರ್ಪೆಡೊ ತಪ್ಪಿಸುವ ಕೆಲಸ ಅಂಕಗಳಿಗೆ ಸೇರಬಾರದು. ಅರ್ಧ ಸೆಕೆಂಡಿಗೊಮ್ಮೆ ಓಡುವ ಪ್ರತ್ಯೇಕ ಪರೀಕ್ಷೆ ಇರಲಿ.

ದಿಕ್ಕನ್ನು ಮೂರು-ನಾಲ್ಕು ಹಡಗುಗಳ ತಂಡ ಒಟ್ಟಾಗಿ ಆರಿಸಲಿ, ಗುಂಡಿನ ಗುರಿಯನ್ನಷ್ಟೇ ಹಡಗು ಆರಿಸಲಿ. ಹಿಂದೆ ಸರಿಯುವಾಗ ಒಂದರ ಹಿಂದೊಂದು ತಿರುಗಿದರೆ ಎಲ್ಲವೂ ಒಂದೇ ಬಿಂದುವಿನಲ್ಲಿ ಹಾದುಹೋಗುತ್ತವೆ, ಶತ್ರುವಿಗೆ ಆ ಬಿಂದುವಿಗೆ ಗುರಿಯಿಟ್ಟರೆ ಸಾಕು. 1905ರಲ್ಲಿ ಸುಶಿಮಾದಲ್ಲಿ ಜಪಾನಿನ ಅಡ್ಮಿರಲ್ ಟೋಗೊ ಆ ಅಪಾಯ ತಿಳಿದೇ, ದಾಳಿಗೆಂದು ಹಾಗೆ ತಿರುಗಿದ. 1916ರಲ್ಲಿ ಜಟ್ಲೆಂಡ್‌ನಲ್ಲಿ ಜರ್ಮನ್ ಅಡ್ಮಿರಲ್ ಶೇರ್ ಎಲ್ಲ ಹಡಗುಗಳನ್ನೂ ಒಟ್ಟಿಗೇ ತಿರುಗಿಸಿ ಪಾರಾದ. ಎದುರಾಳಿಗೆ ಶೇರ್‌ನ ತಿರುವು ಕಲಿಸುವುದು ಲೇಸು.

ಆಟದ ಮಂಜಿನಾಚೆ, ಅಂದರೆ ತನ್ನ ಹಡಗುಗಳಿಗೆ ಕಾಣದ ಜಾಗವನ್ನೂ, ಕದ್ದು ನೋಡುವ ಎದುರಾಳಿಯನ್ನು ಆಟಗಾರ ಬೇಗ ಹಿಡಿಯುತ್ತಾನೆ. ಬದಲಿಗೆ ಶತ್ರು ಎಲ್ಲಿರಬಹುದೆಂಬ ಅಂದಾಜನ್ನು ಮನೆಮನೆಗೂ ಬರೆದಿಡುವ, 64×64 ಮನೆಗಳ ಇನ್‌ಫ್ಲುಯೆನ್ಸ್ ಮ್ಯಾಪ್ ಇಟ್ಟು, ಕೊನೆಗೆ ಕಂಡ ಜಾಗದ ಸುತ್ತ ಅನುಮಾನದ ವೃತ್ತ ಹಿಗ್ಗಿಸಿ: 25 ನಾಟ್‌ನ ಹಡಗಿಗೆ 10 ನಿಮಿಷದಲ್ಲಿ 7.7 ಕಿ.ಮೀ. ಸ್ಕೋರಿಂಗ್ ಈ ಮ್ಯಾಪನ್ನು ನೇರ ಓದಿಕೊಳ್ಳುತ್ತದೆ. ಟ್ರೀಯಲ್ಲಿ ಮತ್ತೆ ‘ಇಷ್ಟಕ್ಕಿಂತ ಹೆಚ್ಚಿದ್ದರೆ’ ಎಂದು ಗಡಿ ಹಾಕಬೇಕು.

ಮುಂದಿನ ಕಾಳಗವನ್ನು ಅದೃಷ್ಟದಾಟದಂತೆ ಹಲವು ಸಲ ಕಲ್ಪಿಸಿ ಆಡಿ, ಒಳ್ಳೆಯ ನಡೆ ಆರಿಸುವ ಮಾಂಟೆ ಕಾರ್ಲೊ ಹುಡುಕಾಟ ಸರದಿ ಆಟಕ್ಕೆ ಸೊಗಸು, ಅಲ್ಲಿ ಮೂರು ಸೆಕೆಂಡ್ ಯೋಚಿಸಿದರೂ ಯಾರಿಗೂ ಬೇಸರವಿಲ್ಲ. ಇಲ್ಲಿ ಸೆಕೆಂಡಿಗೆ 60 ಫ್ರೇಮ್ ಓಡಬೇಕಾದರೆ ಒಂದು ಫ್ರೇಮ್‌ಗೆ ಸಿಗುವುದೇ 16.7 ಮಿಲಿಸೆಕೆಂಡ್, ಅದರಲ್ಲಿ ಎದುರಾಳಿಯ ಬುದ್ಧಿಗೆ 2. ಐದು ನಿಮಿಷ ಮುಂದೆ ನೋಡಲು, ಸೆಕೆಂಡಿಗೊಂದು ಹೆಜ್ಜೆಯಂತೆ, 24 ಹಡಗಿಗೆ 7,200 ಲೆಕ್ಕ. ಅದೂ ಒಂದೇ ಕಲ್ಪಿತ ಕಾಳಗಕ್ಕೆ. ಕಲಿಯುವ ನ್ಯೂರಲ್ ಜಾಲದ ಮಾತೂ ಇದೆ, ಆದರೆ ಫಿರಂಗಿಯ ಬಲ ಬದಲಿಸಿದಾಗಲೆಲ್ಲ ಹೊಸದಾಗಿ ತರಬೇತಿ ಕೊಡುವಷ್ಟು ಯಂತ್ರಬಲ ಈ ಬಜೆಟ್ಟಿನಲ್ಲಿಲ್ಲ.

ಸ್ಕೋರಿಂಗ್‌ನ ಸಂಖ್ಯೆಗಳು ಒಂದು ಪಟ್ಟಿಯಲ್ಲಿರುತ್ತವೆ, ಆಟ ಓಡುತ್ತಿರುವಾಗಲೇ ತಿದ್ದಬಹುದು. ದಿನವೂ ಸ್ವಲ್ಪ ಸ್ವಲ್ಪ ತಿದ್ದಿ ನೋಡುವ ಅಭ್ಯಾಸದವರಿಗೆ ಇದೇ ಒಗ್ಗುತ್ತದೆ. ಪ್ರತಿ ಹಡಗಿನ ತಲೆಯ ಮೇಲೆ ಮೊದಲ ಮೂರು ಗುರಿಗಳ ಅಂಕ ತೋರಿಸುವ ವ್ಯವಸ್ಥೆಯನ್ನು ಮೊದಲ ದಿನವೇ ಮಾಡಿಕೊಳ್ಳಿ. ಹೊಯ್ದಾಟ ಶುರುವಾದರೆ ಯಾವ ಅಂಶ ಅಲುಗಾಡುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ.