ಎಕ್ಸಾಸ್ಟ್ ಮ್ಯಾನಿಫೋಲ್ಡ್ ಲೀಕ್: ಗ್ರಾಫೈಟ್, ತಾಮ್ರ, ಸಿಲಿಕೋನ್, ಪೇಸ್ಟ್ – ಯಾವುದು ನಿಲ್ಲುತ್ತದೆ?

ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾರಿನ ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ (ಎಂಜಿನ್‌ನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಕವಲು ಕೊಳವೆ) ನಾನು ಹಾಕುವುದು ಗ್ರಾಫೈಟ್ ಗ್ಯಾಸ್ಕೆಟ್, ಅಂದರೆ ಜೋಡಣೆ ಸೋರದಂತೆ ನಡುವೆ ಇಡುವ ಹಾಳೆ. ನಡುವೆ ತೂತು ಹೊಡೆದ ಉಕ್ಕಿನ ತಗಡು, ಎರಡೂ ಬದಿ ಗ್ರಾಫೈಟ್ ಪದರ, ಒಟ್ಟು ದಪ್ಪ ಸುಮಾರು 1.5 ಮಿ.ಮೀ. ಯಾವ ಪೇಸ್ಟನ್ನೂ ಸವರದೆ ಒಣದಾಗಿಯೇ ಕೂರಿಸುತ್ತೇನೆ. ತಾಮ್ರ, ಸಿಲಿಕೋನ್, ಸೈಲೆನ್ಸರ್ ಪೇಸ್ಟ್, ಗ್ಯಾಸ್ಕೆಟ್ಟೇ ಇಲ್ಲದ ಜೋಡಣೆ ಎಲ್ಲವನ್ನೂ ನೋಡಿದ ಮೇಲೂ ಇದೇ ಮೇಲು ಅನಿಸಲು ಕಾರಣ ಒಂದೇ: ಈ ಜಾಯಿಂಟ್ ಇದ್ದಲ್ಲಿ ಇರುವುದಿಲ್ಲ, ಜರುಗುತ್ತದೆ.

ಲೆಕ್ಕ ಹಾಕಿ ನೋಡಿ. ಅರ್ಧ ಮೀಟರ್ ಉದ್ದದ ಎರಕದ ಕಬ್ಬಿಣ 400 ಡಿಗ್ರಿ ಬಿಸಿಯೇರಿದರೆ ಸುಮಾರು 2.2 ಮಿ.ಮೀ. ಹಿಗ್ಗುತ್ತದೆ. ಹಿಂದಿರುವ, ಎಂಜಿನ್‌ನ ಮೇಲ್ಭಾಗವಾದ ಕಬ್ಬಿಣದ ಹೆಡ್‌ನೊಳಗೆ ನೀರು ಹರಿಯುವುದರಿಂದ ಅದು ಅಷ್ಟು ಬಿಸಿಯಾಗುವುದಿಲ್ಲ, ಅರ್ಧ ಮಿ.ಮೀ.ಯಷ್ಟೂ ಹಿಗ್ಗುವುದಿಲ್ಲ. ಅಂದರೆ ಎರಡೂ ತುದಿಗಳಲ್ಲಿ ಮ್ಯಾನಿಫೋಲ್ಡ್ ಹೆಚ್ಚುಕಡಿಮೆ ಒಂದೊಂದು ಮಿ.ಮೀ. ಹೊರಕ್ಕೆ ಸರಿಯುತ್ತದೆ, ತಣಿದಾಗ ಮರಳುತ್ತದೆ. ತುದಿಯಲ್ಲಿ ಸ್ಟಡ್ (ಹೆಡ್‌ಗೆ ನಾಟಿದ ತಿರುಪು ಕಡ್ಡಿ) ಹಾಯುವ ತೂತುಗಳು ದೊಡ್ಡದಾಗಿರುವುದು ಇದಕ್ಕೇ. ಗ್ರಾಫೈಟ್ ಜಾರುವ ವಸ್ತು. ಒತ್ತಡ ಬಿಡದೆ ಜಾರಗೊಡುತ್ತದೆ.

ಸಿಲಿಕೋನ್ ಜಾರಗೊಡುವುದಿಲ್ಲ, ಅಂಟಿ ಹಿಡಿಯುತ್ತದೆ. ತಾಮ್ರದ ಬಣ್ಣದ ಹೈ ಟೆಂಪರೇಚರ್ ಸಿಲಿಕೋನ್ ಕೂಡ ತಡೆಯುವುದು 340ರಿಂದ 370 ಡಿಗ್ರಿಯವರೆಗೆ, ಅದೂ ಸ್ವಲ್ಪ ಹೊತ್ತು. ಪೋರ್ಟ್‌ನ (ಹೆಡ್‌ನಲ್ಲಿ ಗ್ಯಾಸ್ ಹಾಯುವ ಕಿಂಡಿ) ಒಳಅಂಚಿನಲ್ಲಿ ಗ್ಯಾಸ್ ಅದಕ್ಕಿಂತ ತುಂಬ ಬಿಸಿ. ಒಳಗಿನಿಂದ ಸುಟ್ಟು ಪುಡಿಯಾಗುತ್ತಾ ಬರುತ್ತದೆ, ಹೊರಗೆ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಅಂಟಿಕೊಂಡ ಭಾಗ ಮ್ಯಾನಿಫೋಲ್ಡನ್ನು ಸರಿಯಗೊಡದಿದ್ದರೆ ತುದಿಯ ಕಿವಿ (ಸ್ಟಡ್ ತೂತಿರುವ ಚಾಚು) ಮುರಿಯುವ, ಪೋರ್ಟ್‌ಗಳ ನಡುವೆ ಬಿರುಕು ಬಿಡುವ ಅಪಾಯವೂ ಇದೆ. ಗ್ಯಾಸ್ಕೆಟ್ ಮೇಲೆ ತೆಳುವಾಗಿ ಸವರಿದರೂ ಇದೇ ಕತೆ.

ಸೈಲೆನ್ಸರ್ ಪೇಸ್ಟ್ ಒಂದು ಪೈಪ್ ಇನ್ನೊಂದರೊಳಗೆ ಕೂರುವ ಜಾಗಕ್ಕೆ ಸರಿ. ಹೆಡ್ ಮೇಲೆ ಕೂರುವ ಫ್ಲಾಂಜ್‌ನಲ್ಲಿ (ಮ್ಯಾನಿಫೋಲ್ಡ್‌ನ ಚಪ್ಪಟೆ ಅಂಚು) ಗಟ್ಟಿಯಾಗಿ, ಒಡೆದು ಉದುರುತ್ತದೆ.

ತಾಮ್ರದ ಗ್ಯಾಸ್ಕೆಟ್ ಮೇಲೆ ನನಗೆ ಗೌರವವಿದೆ. ಸುಡುವುದಿಲ್ಲ, ಮತ್ತೆ ಮತ್ತೆ ಬಳಸಬಹುದು. ಪ್ರತಿ ಸಲವೂ ಮಂದ ಕೆಂಪಾಗುವವರೆಗೆ ಕಾಯಿಸಿ ತಣಿಸಬೇಕು. ನೀರಿಗೆ ಹಾಕಿದರೂ ಗಾಳಿಯಲ್ಲಿ ಬಿಟ್ಟರೂ ತಾಮ್ರ ಮೆತ್ತಗಾಗುತ್ತದೆ, ನೀರಿಗೆ ಹಾಕಿದರೆ ಕರಿ ಪೊರೆ ಉದುರುವ ಲಾಭವಿದೆ. ಆದರೆ ಅದಕ್ಕೆ ಪುಟಿಯುವ ಗುಣವಿಲ್ಲ. ಒಮ್ಮೆ ಒತ್ತಿದ ಮೇಲೆ ಫ್ಲಾಂಜ್ ಕೂದಲೆಳೆಯಷ್ಟು ಹಿಂದೆ ಸರಿದರೂ ತಾಮ್ರ ಅದರ ಜೊತೆ ಬರುವುದಿಲ್ಲ. ಹಾಗಾಗಿ ಮುಖಗಳು ನಿಜಕ್ಕೂ ಸಪಾಟಾಗಿರಬೇಕು, ನಟ್‌ಗಳನ್ನು ಆಗಾಗ ಬಿಗಿಯಬೇಕು. ಪದರಪದರದ ಉಕ್ಕಿನ ಗ್ಯಾಸ್ಕೆಟ್ ಪುಟಿಯುತ್ತದೆ, ಆದರೆ ತುಕ್ಕು ತಿಂದು ಗುಳಿಬಿದ್ದ ಹಳೆಯ ಮುಖಗಳನ್ನು ತುಂಬುವುದು ಅದರಿಂದಾಗದು. ಗ್ಯಾಸ್ಕೆಟ್ ಇಲ್ಲದ ಜೋಡಣೆ ತಪ್ಪೇನಲ್ಲ, ಅನೇಕ ಅಮೆರಿಕನ್ ವಿ8 ಎಂಜಿನ್‌ಗಳು ಕಾರ್ಖಾನೆಯಿಂದಲೇ ಹಾಗೆ ಬಂದವು. ಆಗ ಮುಖಗಳು ಹೊಸದಾಗಿ ಮಿಲ್ಲಿಂಗ್ (ಯಂತ್ರದಲ್ಲಿ ಕೊರೆತ) ಆದವು ಎಂಬುದನ್ನು ಮರೆಯಬಾರದು. ದಶಕಗಳ ಕಾಲ ಕಾದು ತಣಿದು ಸೊಟ್ಟಗಾದ ಮ್ಯಾನಿಫೋಲ್ಡ್‌ಗೆ ಫೇಸಿಂಗ್ (ಯಂತ್ರದಲ್ಲಿ ಮುಖ ಸಪಾಟು) ಮಾಡಿಸದೆ ಈ ದಾರಿ ಹಿಡಿಯಬೇಡಿ.

ಈಗ ನಿಜವಾದ ತಲೆನೋವಿಗೆ ಬರೋಣ. ಎಷ್ಟೋ ಸಲ ಗ್ಯಾಸ್ಕೆಟ್ ಮೇಲೆ ಹೊರಿಸುವ ತಪ್ಪು ಅದರದ್ದೇ ಆಗಿರುವುದಿಲ್ಲ. ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ 1798 ಸಿಸಿ ಎಂಜಿನ್ ನೋಡಿ. ಇನ್‌ಟೇಕ್ (ಗಾಳಿ-ಪೆಟ್ರೋಲ್ ಒಳತರುವ ಮ್ಯಾನಿಫೋಲ್ಡ್) ಮತ್ತು ಎಕ್ಸಾಸ್ಟ್ ಎರಡೂ ಹೆಡ್‌ನ ಒಂದೇ ಬದಿಯಲ್ಲಿವೆ, ಎರಡಕ್ಕೂ ಒಂದೇ ಗ್ಯಾಸ್ಕೆಟ್. ಇನ್‌ಟೇಕ್ ಅಲ್ಯೂಮಿನಿಯಂ, ಎಕ್ಸಾಸ್ಟ್ ಎರಕದ ಕಬ್ಬಿಣ. ಮಧ್ಯದ ಸ್ಟಡ್‌ಗಳಲ್ಲಿ ಒಂದೊಂದು ದಪ್ಪ ವಾಷರ್ ಅರ್ಧ ಇನ್‌ಟೇಕ್ ಫ್ಲಾಂಜ್ ಮೇಲೆ, ಅರ್ಧ ಎಕ್ಸಾಸ್ಟ್ ಫ್ಲಾಂಜ್ ಮೇಲೆ ಕೂತು ಎರಡನ್ನೂ ಒಟ್ಟಿಗೆ ಒತ್ತುತ್ತದೆ.

ಎರಡೂ ಫ್ಲಾಂಜ್‌ಗಳ ದಪ್ಪ ಸಮವಾಗಿದ್ದರೆ ಮಾತ್ರ ಈ ಏರ್ಪಾಡು ಕೆಲಸ ಮಾಡುತ್ತದೆ. ಯಾರೋ ಎಕ್ಸಾಸ್ಟನ್ನು ಮಾತ್ರ ಫೇಸಿಂಗ್ ಮಾಡಿಸಿದ್ದರೆ, ಅಥವಾ ಬೇರೆ ತಯಾರಿಕೆಯ ಪೈಪಿನ ಮ್ಯಾನಿಫೋಲ್ಡ್ ಹಾಕಿದ್ದರೆ, ಒಂದು ತೆಳ್ಳಗೆ, ಇನ್ನೊಂದು ದಪ್ಪ. ವಾಷರ್ ಓರೆಯಾಗಿ ದಪ್ಪ ಫ್ಲಾಂಜ್ ಮೇಲಷ್ಟೇ ಭಾರ ಹಾಕುತ್ತದೆ. ತೆಳ್ಳಗಿನದು ಸಡಿಲವಾಗಿಯೇ ಉಳಿಯುತ್ತದೆ. ಟಾರ್ಕ್ ರೆಂಚ್ ಸರಿಯಾದ ಅಂಕಿ ತೋರಿಸುತ್ತದೆ, ಲೀಕ್ ಮಾತ್ರ ಹೋಗುವುದಿಲ್ಲ. ಇನ್ನಷ್ಟು ಬಿಗಿದರೆ ಸ್ಟಡ್ ಕಿತ್ತು ಬರುತ್ತದೆ. ಸಡಿಲವಾದದ್ದು ಎಕ್ಸಾಸ್ಟ್ ಆದರೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಟಿಕ್ ಟಿಕ್ ಸದ್ದು, ಬಿಸಿಯಾದಂತೆ ಅದು ಕಮ್ಮಿ. ಇನ್‌ಟೇಕ್ ಆದರೆ ಐಡ್ಲಿಂಗ್ ಏರುಪೇರು, ಕಾರ್ಬುರೇಟರ್ ಎಷ್ಟು ತಿರುಗಿಸಿದರೂ ಹೊಂದುವುದಿಲ್ಲ.

ಪತ್ತೆ ಹಚ್ಚುವುದು ಸುಲಭ. ಬಿಚ್ಚಿದ ಗ್ಯಾಸ್ಕೆಟ್ ಮೇಲಿನ ಗುರುತು ನೋಡಿ: ಒಂದು ಪೋರ್ಟ್ ಸುತ್ತ ಒತ್ತಿದ ಹೊಳಪು, ಪಕ್ಕದ್ದರ ಸುತ್ತ ಒತ್ತೇ ಇಲ್ಲದೆ ಮಸಿ ಹರಿದ ಗೆರೆ ಇದ್ದರೆ ದಪ್ಪದ ವ್ಯತ್ಯಾಸವನ್ನೇ ಮೊದಲು ಅನುಮಾನಿಸಿ. ಖಚಿತಪಡಿಸಿಕೊಳ್ಳಲು ಗ್ಯಾಸ್ಕೆಟ್ ಇಲ್ಲದೆ ಎರಡನ್ನೂ ಹೆಡ್‌ಗೆ ಹಚ್ಚಿ, ಪ್ರತಿ ವಾಷರ್‌ನ ಎರಡೂ ಬದಿಯ ಫ್ಲಾಂಜ್ ಕೆಳಗೆ ಒಂದೊಂದು ಕಾಗದದ ಪಟ್ಟಿ ಸಿಕ್ಕಿಸಿ, ನಟ್ ಬೆರಳಲ್ಲಿ ಬಿಗಿದು ಪಟ್ಟಿ ಎಳೆಯಿರಿ. ಸಲೀಸಾಗಿ ಬಂದ ಕಡೆಯ ಫ್ಲಾಂಜ್ ತೆಳ್ಳಗಿದೆ. ವಾಷರ್ ಕೂರುವ ಜಾಗದಲ್ಲೇ ವರ್ನಿಯರ್ ಹಿಡಿದು ಅಳೆಯಿರಿ. 0.1 ಮಿ.ಮೀ. ವ್ಯತ್ಯಾಸವನ್ನು ಗ್ರಾಫೈಟ್ ನುಂಗಿಕೊಳ್ಳುತ್ತದೆ, ತಾಮ್ರ ಅದನ್ನೂ ನುಂಗುವುದಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ದಪ್ಪ ಫ್ಲಾಂಜ್‌ನ ಹೊರಮುಖದಲ್ಲಿ, ವಾಷರ್ ಕೂರುವಷ್ಟು ಜಾಗವನ್ನು ಮಾತ್ರ ಮಿಲ್ಲಿಂಗ್ ಮಾಡಿಸಿ. ಮಿಲ್ಲಿಂಗ್ ಸೌಲಭ್ಯ ಇಲ್ಲದಿದ್ದರೆ ದಪ್ಪ ಫ್ಲಾಂಜ್ ಮೇಲೆ ಬರುವ ವಾಷರ್‌ನ ಅರ್ಧವನ್ನು ಅಷ್ಟೇ ಅಳತೆಗೆ ಅರದಿಂದ ಉಜ್ಜಿ ಮೆಟ್ಟಿಲಾಗಿಸಿ. ಬಿಗಿಯುವಾಗ ಅದು ತಿರುಗದಂತೆ ಹಿಡಿದುಕೊಳ್ಳಬೇಕು. ಹಳೆಯ ವಾಷರ್‌ಗಳು ನಡುವೆ ಬಗ್ಗಿ ತಟ್ಟೆಯಂತಾಗಿದ್ದರೆ ಮರುಬಳಕೆ ಬೇಡ. ಗಾಜಿನ ಮೇಲಿಟ್ಟರೆ ಬಗ್ಗಿದ್ದು ಗೊತ್ತಾಗುತ್ತದೆ.

ಮುಖಗಳ ಸಪಾಟನ್ನು ಉದ್ದದ ನೇರಪಟ್ಟಿ ಮತ್ತು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಬ್ಲೇಡ್‌ಗಳ ಕಟ್ಟು) ನೋಡಿ. 0.2 ಮಿ.ಮೀ. ಬ್ಲೇಡ್ ಒಳಹೋದರೆ ಯಾವ ಗ್ಯಾಸ್ಕೆಟ್ಟನ್ನೂ ನಂಬದೆ ಫೇಸಿಂಗ್ ಮಾಡಿಸಿ.

ಹಳೆಯ ಗ್ಯಾಸ್ಕೆಟ್ ಕೆರೆಯುವಾಗ ಎಚ್ಚರ. ಆ ಕಾಲದವುಗಳಲ್ಲಿ ಆಸ್ಬೆಸ್ಟಾಸ್ ಇರುವುದು ಸಾಮಾನ್ಯ. ನೀರು ಚಿಮುಕಿಸಿ ಒದ್ದೆ ಮಾಡಿ, ಸರಿಯಾದ ಮಾಸ್ಕ್ ಹಾಕಿ, ಕೈಯಿಂದಲೇ ಕೆರೆಯಿರಿ. ಡ್ರಿಲ್‌ಗೆ ತಂತಿ ಬ್ರಷ್ ಸಿಕ್ಕಿಸಿ ಒಣದಾಗಿ ಉಜ್ಜಬೇಡಿ.

ಒಂದು ಮುಖ ಮಾತ್ರ ತಗಡಿರುವ ಗ್ಯಾಸ್ಕೆಟ್ ಆದರೆ ತಗಡು ಮ್ಯಾನಿಫೋಲ್ಡ್ ಕಡೆಗಿರಲಿ, ಜರುಗುವುದು ಅದೇ. ನಟ್‌ಗಳು ಹಿತ್ತಾಳೆಯವಾದರೆ ಉಕ್ಕಿನ ಸ್ಟಡ್‌ಗೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ. ಮಧ್ಯದಿಂದ ಶುರುಮಾಡಿ ಎರಡೂ ತುದಿಗಳತ್ತ, ಮೂರು ಸುತ್ತಿನಲ್ಲಿ ಸುಮಾರು 20 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಎಂಜಿನ್ ಪೂರ್ತಿ ಬಿಸಿಯಾಗಿ, ಪೂರ್ತಿ ತಣಿದ ಮೇಲೆ ಮತ್ತೊಮ್ಮೆ ಅದೇ ಕ್ರಮ. ಗ್ರಾಫೈಟ್ ಮೊದಲ ಬಿಸಿಗೆ ಕುಗ್ಗುತ್ತದೆ, ಈ ಎರಡನೇ ಬಿಗಿತ ತಪ್ಪಿದರೆ ಅದು ಬೇಗ ಸುಡುತ್ತದೆ.

ಲೀಕ್ ಪರೀಕ್ಷೆಗೆ ಬಿಸಿ ಎಂಜಿನ್ ಮೇಲೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸುವವರಿದ್ದಾರೆ. ಬೆಂಕಿ ಹತ್ತುತ್ತದೆ, ಬೇಡ. ಎಂಜಿನ್ ತಣ್ಣಗಿರುವಾಗ ಸೈಲೆನ್ಸರ್ ತುದಿಗೆ ಬ್ಲೋಯರ್ ಹಚ್ಚಿ, ಫ್ಲಾಂಜ್ ಸುತ್ತ ಸೋಪಿನ ನೀರು ಸವರಿದರೆ ಗುಳ್ಳೆಯೇ ಜಾಗ ತೋರಿಸುತ್ತದೆ.

ಗ್ರಾಫೈಟ್ ಗ್ಯಾಸ್ಕೆಟ್ ಬಿಚ್ಚಿದರೆ ಮುಗಿಯಿತು, ಪ್ರತಿ ಸಲ ಹೊಸದು ಬೇಕು. ಮ್ಯಾನಿಫೋಲ್ಡ್ ಒಮ್ಮೆ ಕೂರಿಸಿ ವರ್ಷಗಟ್ಟಲೆ ಮುಟ್ಟದೆ ಓಡಿಸುವ ನನ್ನಂಥವರಿಗೆ ಆ ಖರ್ಚು ದೊಡ್ಡದಲ್ಲ, ಫೇಸಿಂಗ್ ಖರ್ಚೂ ಸಾಮಾನ್ಯವಾಗಿ ಉಳಿಯುತ್ತದೆ. ಹೆಡ್ಡು, ಕಾರ್ಬುರೇಟರ್ ಎಂದು ಆಗಾಗ ಬಿಚ್ಚುವವರು, ಮುಖಗಳು ಸಪಾಟಾಗಿದ್ದು ಹೆಡ್ ಕಬ್ಬಿಣದ್ದಾಗಿದ್ದರೆ, ತಾಮ್ರವನ್ನೇ ಹಾಕಿಕೊಳ್ಳಲಿ.