ಮಗಳಿಗೆ ಶಾಲೆ ನೋಡಲು ಹೋದೆ
ಜೂನ್‌ಗೆ ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಕಡೆ ಬರೋಣ ಅಂತ ಇದ್ದೇವೆ. ಮಗಳು ಎರಡನೇ ಕ್ಲಾಸು. ಮನೆಗಿಂತ ಮೊದಲು ಶಾಲೆ ನೋಡೋಣ ಎಂದು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಹೆಸರು ಬೇಡ ಬಿಡಿ.

ಯುಡೈಸ್, ಅಂದರೆ ಶಾಲೆಗಳ ಸರ್ಕಾರಿ ಮಾಹಿತಿಯ ಲೆಕ್ಕ, ಮೊದಲೇ ನೋಡಿಕೊಂಡಿದ್ದೆ. ಅಲ್ಲಿ ನಾಲ್ಕು ಜನ ಶಿಕ್ಷಕರು, ಹೋಗಿ ನೋಡಿದರೆ ಇಬ್ಬರು! ಒಬ್ಬರು ಬೇರೆ ಶಾಲೆಗೆ ನಿಯೋಜನೆ, ಇನ್ನೊಬ್ಬರು ತರಬೇತಿಗೆ. ಕಾಗದ ನಂಬಿ ಸುಮ್ನೆ ಕೂರಬೇಡಿ, ವಾರದ ಮಧ್ಯೆ ಹೋಗಿ ನೋಡಿ.

ಕಾರ್ಡು, ಚಟುವಟಿಕೆ ಇಟ್ಟುಕೊಂಡು ಮಕ್ಕಳು ತಮ್ಮದೇ ವೇಗದಲ್ಲಿ ಕಲಿಯುವ ನಲಿ-ಕಲಿ ಕೋಣೆ ಮಾತ್ರ ನನಗೆ ತುಂಬಾ ಹಿಡಿಸಿತು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೆ, ಗುಂಪು ಗುರುತಿಸಲು ಇಟ್ಟ ತಟ್ಟೆಗಳ ಸುತ್ತ ಕೂತಿದ್ದರು. ತಲೆಯ ಮೇಲೆ ದಾರದ ಚಪ್ಪರ, ಅದಕ್ಕೆ ಮಕ್ಕಳು ಬರೆದ ಹಾಳೆಗಳು. ಒಬ್ಬ ಹುಡುಗಿ ಎದ್ದು ಹೋಗಿ ತನ್ನ ಕಾರ್ಡು ತಾನೇ ಹುಡುಕಿಕೊಂಡು ಬಂದಳು. ಮೇಷ್ಟ್ರನ್ನು ಕೇಳಲೇ ಇಲ್ಲ. ನಮ್ಮವಳು ಈಗ ಹೋಗುವ ಕಾನ್ವೆಂಟಿನಲ್ಲಿ ಪೆನ್ಸಿಲ್ ಚೂಪು ಮಾಡಲೂ ಪರ್ಮಿಷನ್ ಬೇಕು.

ಬಿಸಿಯೂಟ ನಾನೂ ತಿಂದೆ. ಅನ್ನ, ನುಗ್ಗೆಸೊಪ್ಪಿನ ಸಾರು. ಉಪ್ಪು ಸ್ವಲ್ಪ ಜಾಸ್ತಿ, ಆದರೆ ಬಿಸಿಬಿಸಿ.

ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ಹೊರಗೆ ಗೆಳತಿ ಕಾವಲು ನಿಲ್ಲುತ್ತಾಳಂತೆ. ಮುಖ್ಯ ಶಿಕ್ಷಕಿಗೆ ಹೇಳಿದರೆ, 'ನೀವು ಬಂದು ಎಸ್‌ಡಿಎಂಸಿ ಸೇರಿ ಸರ್, ಹಾಕಿಸೋಣ' ಎಂದು ನಕ್ಕರು. ಎಸ್‌ಡಿಎಂಸಿ ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ. ಅಲ್ಲ, ಒಂದು ಚಿಲಕಕ್ಕೆ ಕಮಿಟಿ ಬೇಕಾ?

ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿ ಬಂದ್ ಅಂತ ಅಡುಗೆಯವರು ಹೇಳಿದರು. ಜುಲೈಯಲ್ಲಿ ಇನ್ನೊಮ್ಮೆ ನೋಡಿಯೇ ಅಡ್ಮಿಷನ್ ಮಾಡಿಸುತ್ತೇನೆ.